ದೆವ್ವ ಕಂಡದ್ದು ಯಾರಿಗೆ?

ಸಂತೇಬೆನ್ನೂರಿನ ಬಗ್ಗೆ ಬರೆದವರೆಲ್ಲ ಹೊಂಡದಿಂದ ಶುರು ಮಾಡುತ್ತಾರೆ. ನಾನೂ ಅಲ್ಲಿಂದಲೇ ಶುರು ಮಾಡುತ್ತೇನೆ. ನೀರಿಗಿಳಿಯುವ ಕಲ್ಲಿನ ಮೆಟ್ಟಿಲು, ನಡುನೀರಿನಲ್ಲಿ ವಸಂತಮಂಟಪ, ಸುತ್ತಲಿನ ಸಣ್ಣ ಮಂಟಪಗಳಲ್ಲಿ ಬಿದ್ದು ಉಳಿದಷ್ಟು, ಎದುರಿಗೆ ಮುಸಾಫಿರ್‌ಖಾನೆ. ಹೊಂಡ ಕಟ್ಟಿಸಿದವನು ಪಾಳೆಯಗಾರ ಹನುಮಪ್ಪನಾಯಕ. ಇಲ್ಲಿದ್ದ ದೇವಾಲಯವನ್ನು 17ನೆಯ ಶತಮಾನದಲ್ಲಿ ಬಿಜಾಪುರದ ಸರದಾರ ರಣದುಲ್ಲಾ ಖಾನನ ದಂಡು ಬಂದಾಗ ಕೆಡವಿ ಮಸೀದಿ ಕಟ್ಟಿದರಂತೆ. ನಾಯಕ ಮತ್ತೆ ಬಂದು ಬಿಜಾಪುರದ ಅಧಿಕಾರಿಯನ್ನು ಕೊಂದು, ಮಸೀದಿಯೊಳಗೆ ಹಂದಿಯ ರಕ್ತ ಚೆಲ್ಲಿಸಿದನಂತೆ. ಅವತ್ತಿನಿಂದ ಅಲ್ಲಿ ನಮಾಜು ನಿಂತುಹೋಯಿತಂತೆ. ಇಂಗ್ಲಿಷರ ಕಾಲದ ಗ್ಯಾಸೆಟಿಯರ್ ಬರೆದಿಟ್ಟುಕೊಂಡ ಕಥೆ ಇದು. ಈಚಿನ ವರ್ಷಗಳಲ್ಲಿ ಇದನ್ನು ಹೇಳುವವರ ದನಿ ಏರಿದೆ. ಒಬ್ಬರಿಗೆ ಇದು ಶೌರ್ಯ, ಇನ್ನೊಬ್ಬರಿಗೆ ಗಾಯ.

ನನ್ನನ್ನು ಈ ಕಥೆಯಲ್ಲಿ ಕಾಡುವುದು ಆ ಹಂದಿ. ಅದು ಎಲ್ಲಿಂದ ಬಂತು? ನಾಯಕನ ಅರಮನೆಯಲ್ಲಂತೂ ಸಾಕಿರಲಿಕ್ಕಿಲ್ಲ. ಊರ ಹೊರಗೆ ಹಂದಿಗೂಡು ಇಟ್ಟುಕೊಂಡ ಯಾರದೋ ಹಟ್ಟಿಯಿಂದ ಹಿಡಿದು ತಂದಿರಬೇಕು. ಹಿಡಿದವನು ಯಾರು, ಕೊಯ್ದವನು ಯಾರು, ರಕ್ತದ ಗಡಿಗೆ ಹೊತ್ತು ಒಳಗೆ ಹೋದವನು ಯಾರು? ಅವನಿಗೆ ಹಂದಿಯ ಬೆಲೆ ಕೊಟ್ಟರೇ? ಮಾರನೆಯ ವಾರ ಬಿಜಾಪುರದ ದಂಡು ವಾಪಸು ಬಂದಿದ್ದರೆ ಮೊದಲು ಉರುಳುತ್ತಿದ್ದುದು ಯಾರ ತಲೆ? ತಮ್ಮ ದೇವರ ಗುಡಿಯೊಳಕ್ಕೆ ಎಂದೂ ಬಿಟ್ಟುಕೊಳ್ಳದ ಮನುಷ್ಯನನ್ನು ಇನ್ನೊಬ್ಬರ ದೇವರ ಮನೆ ಕೆಡಿಸಲು ಮಾತ್ರ ಒಳಕ್ಕೆ ಕಳಿಸಿದ ಕಥೆ ಇದು. ಹೇಳುವವರು ಇಬ್ಬರೂ ಅವನನ್ನು ನೋಡುವುದಿಲ್ಲ. ನಾಯಕ ಕಾಣುತ್ತಾನೆ, ಖಾನ ಕಾಣುತ್ತಾನೆ, ರಕ್ತವೂ ಕಾಣುತ್ತದೆ. ಗಡಿಗೆ ತಾನೇ ನಡೆದುಕೊಂಡು ಬಂದಿರುತ್ತದೆ.

ನಮ್ಮ ಸೀಮೆಯ ಮೈನವಿರೇಳಿಸುವ ಕಥೆಗಳನ್ನು, ಅಂದರೆ ಕೆರೆಗೆ ಬಲಿ ಕೊಟ್ಟ ಕಥೆ, ಕೋಟೆ ಕಾಯ್ದ ಕಥೆ, ಹುಲಿ ಹೊಡೆದ ಕಥೆ, ದೆವ್ವ ಕಂಡ ಕಥೆಗಳನ್ನು, ಈ ಗಡಿಗೆ ಹೊತ್ತವನ ಕಡೆಯಿಂದ ಓದಿದರೆ ಏನಾಗುತ್ತದೆ ಎನ್ನುವುದು ಈ ಬರೆಹದ ಪ್ರಶ್ನೆ. ಸೀಮೆ ಎಂದಾಗ ನನ್ನ ಮನಸ್ಸಿನಲ್ಲಿರುವುದು ಚನ್ನಗಿರಿ, ಹೊನ್ನಾಳಿ, ಹೊಳಲ್ಕೆರೆ, ಚಿತ್ರದುರ್ಗದ ಸುತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ತನಕ ನಾವು ಶಿವಮೊಗ್ಗ ಜಿಲ್ಲೆಯವರು, ಜಗಳೂರಿನವರು ಚಿತ್ರದುರ್ಗ ಜಿಲ್ಲೆಯವರು. ಜಿಲ್ಲೆಯ ಗೆರೆ ಆ ಕಡೆ ಈ ಕಡೆ ಆಗಿದೆ. ಕಥೆಗಳು ಮಾತ್ರ ಎಲ್ಲ ಕಡೆ ಒಂದೇ.

ಮೊದಲು ಈ ಕಥೆಗಳನ್ನು ಕೂಡಿಹಾಕಿದವರ ವಿಚಾರ. ಬಿ. ಎಲ್. ರೈಸ್ ಮೈಸೂರು ಸೀಮೆಯ ಗ್ಯಾಸೆಟಿಯರನ್ನು 1877ರಲ್ಲಿ ತಂದ, 1897ರಲ್ಲಿ ತಿದ್ದಿ ಮತ್ತೆ ತಂದ. ಚನ್ನಗಿರಿ ಹೊನ್ನಾಳಿಗಳ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ 1902ರಲ್ಲಿ ಅಚ್ಚಾದವು. ಈ ಮಹಾನುಭಾವನ ದುಡಿಮೆಯನ್ನು ಸಣ್ಣದು ಮಾಡುವ ಉದ್ದೇಶ ನನಗಿಲ್ಲ. ಅವನು ಇಲ್ಲದಿದ್ದರೆ ನಮಗೆ ಜಗಳವಾಡಲಿಕ್ಕೂ ಏನೂ ಇರುತ್ತಿರಲಿಲ್ಲ. ಆದರೆ ಅಂಥ ಗ್ರಂಥಕ್ಕೆ ಊರಿನ ಕಥೆ ಹೇಳಿದವರು ಯಾರಿದ್ದಾರು? ಅಮಲ್ದಾರರ ಡೇರೆಯೊಳಗೆ ಹೋಗಿ ಚಾಪೆಯ ಮೇಲೆ ಕೂರಬಲ್ಲ ಶಾನುಭೋಗರು, ಪಟೇಲರು, ಗುಡಿಯ ಅರ್ಚಕರು. ಡೇರೆಯ ಗೂಟ ಹೊಡೆದವನು ಹೊರಗೇ ಇದ್ದ. ಅವನಿಗೂ ಒಂದು ಕಥೆ ಗೊತ್ತಿತ್ತು. ಕೇಳಿದವರಿಲ್ಲ.

ಶಾಸನಗಳ ಸಂಗತಿಯೂ ಇಷ್ಟೇ. ಮಂಡ್ಯ ಕಡೆಯ ಆತಕೂರಿನ ಶಾಸನ ಕ್ರಿ.ಶ. 949-50ರದು. ಮಣಲೇರನೆಂಬ ವೀರ ಗಂಗರ ಬೂತುಗನಿಂದ ಕೇಳಿ ಪಡೆದ ಕಾಳಿ ಎಂಬ ನಾಯಿ ಹಂದಿಯೊಡನೆ ಕಾದಾಡಿ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ನಾಯಿಯ ಹೆಸರು ಸಾವಿರ ವರ್ಷ ಉಳಿದಿದೆ. ಈಗ ಕಡಪ ಜಿಲ್ಲೆಗೆ ಸೇರಿದ ಪೋರುಮಾಮಿಳ್ಳದ ಕೆರೆಯ ಶಾಸನ 1369ರದು. ವಿಜಯನಗರದ ರಾಜಕುಮಾರ ಭಾಸ್ಕರ ಕಟ್ಟಿಸಿದ ಆ ಕೆರೆಗೆ ದಿನಕ್ಕೆ ಸಾವಿರ ಆಳು, ನೂರು ಗಾಡಿ, ಎರಡು ವರ್ಷದ ಕೆಲಸ ಎಂದು ಲೆಕ್ಕ ಕೊಡುತ್ತದೆ. ಒಳ್ಳೆಯ ಕೆರೆಗೆ ಏನೇನು ಲಕ್ಷಣವಿರಬೇಕು ಎಂದು ಪಟ್ಟಿಯನ್ನೂ ಕೊಡುತ್ತದೆ. ಆ ಸಾವಿರದಲ್ಲಿ ಒಬ್ಬನ ಹೆಸರೂ ಇಲ್ಲ. ನಾಯಿಗೆ ಸಿಕ್ಕ ಮರ್ಯಾದೆಯನ್ನು ನಾನು ಕಿತ್ತುಕೊಳ್ಳುತ್ತಿಲ್ಲ. ಕಾಳಿ ಶೂರ ನಾಯಿಯೇ. ಕಲ್ಲು ಕೆತ್ತಿಸುವವನಿಗೆ ಯಾವುದು ಹತ್ತಿರ, ಯಾವುದು ದೂರ ಅನ್ನೋದನ್ನಷ್ಟೇ ತೋರಿಸುತ್ತಿದ್ದೇನೆ.

ನಮ್ಮ ಸೀಮೆಯ ದೊಡ್ಡ ಕೆರೆ ಸೂಳೆಕೆರೆ. ಸಂತೇಬೆನ್ನೂರಿಗೆ ಹತ್ತಿರವೇ. 11-12ನೆಯ ಶತಮಾನದ ಕೆರೆ ಎನ್ನುತ್ತಾರೆ. ಎರಡು ಗುಡ್ಡಗಳ ನಡುವಿನ ಕಣಿವೆಗೆ ಅಡ್ಡ ಹಾಕಿದ ಏರಿ. ಉದ್ದ ಹೆಚ್ಚಿಲ್ಲ, ಅಗಲ ಮತ್ತು ಗಟ್ಟಿತನ ಭಾರೀ. ಸಿದ್ಧನ ನಾಲೆ, ಬಸವನ ನಾಲೆ ಎಂದು ಎರಡು ನಾಲೆ. ಇಲ್ಲಿಂದ ಹೊರಟ ಹರಿದ್ರಾ ಹರಿಹರದಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. 1864ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆದ ಸ್ಯಾಂಕಿ ಈ ಕೆರೆಯನ್ನು ಕೂಲಂಕಷವಾಗಿ ಪರಿಶೀಲಿಸಿದ. ನೂರಾರು ವರ್ಷ ಯಾರೂ ಸರಿಯಾಗಿ ನೋಡಿಕೊಳ್ಳದಿದ್ದರೂ ನಿಂತಿರುವ ಏರಿ ಅವನಿಗೆ ಅಚ್ಚರಿ. ಇವತ್ತು ಚಿತ್ರದುರ್ಗದ ಪೇಟೆಯವರು ಕುಡಿಯುವ ನೀರಿನಲ್ಲಿ ಈ ಕೆರೆಯ ಪಾಲಿದೆ.

ಕೆರೆಯ ಕಥೆ ಎಲ್ಲರಿಗೂ ಗೊತ್ತು. ಸ್ವರ್ಗಾವತಿ ಎಂಬ ಪಟ್ಟಣ, ಅಲ್ಲಿನ ದೊರೆ, ಅವನ ಮಗಳು ಶಾಂತವ್ವ. ಪಾಠಾಂತರಗಳು ಹಲವು. ಒಂದರಲ್ಲಿ ಮಗಳು ತನಗೆ ಬೇಕಾದವನ ಹಿಂದೆ ಹೋದಳೆಂದು ತಂದೆಯೇ ಅವಳನ್ನು ಸೂಳೆಯೆಂದು ಜರೆದ, ಅವಳು ಪ್ರಾಯಶ್ಚಿತ್ತಕ್ಕೆ ಕೆರೆ ಕಟ್ಟಿಸಿದಳು. ಇನ್ನೊಂದರಲ್ಲಿ ಕೆರೆಗೆ ಬೇಕಾದ ಜಾಗದಲ್ಲಿ ಸೂಳೆಯರ ಮನೆಗಳಿದ್ದವು, ತಮ್ಮ ಹೆಸರಿಟ್ಟರೆ ಮಾತ್ರ ಬಿಡುತ್ತೇವೆ ಅಂದರು. ಪಟ್ಟಣ ನೀರಿನಡಿ ಹೋಯಿತು. ಈಗ ಸರ್ಕಾರಿ ಬೋರ್ಡಿನಲ್ಲಿ ಇದು ಶಾಂತಿಸಾಗರ. ತಂದೆ ಒಂದು ಸಲ ಮಗಳ ಹೆಸರು ಕೆಡಿಸಿದ, ನಾವು ಮರ್ಯಾದಸ್ಥರು ಆ ಸೂಳೆಯರ ಹೆಸರನ್ನೇ ಅಳಿಸಿದೆವು. ಕೇರಿಯಲ್ಲಿ ಇನ್ನೂ ಸೂಳೆಕೆರೆ ಎಂದೇ ಅನ್ನುತ್ತಾರೆ, ಯಾರೂ ನಾಚಿಕೊಂಡದ್ದನ್ನು ನಾನು ನೋಡಿಲ್ಲ.

ನಮ್ಮಜ್ಜಿ ಸೂಳೆಕೆರೆಯ ಕಥೆ ಹೇಳುವಾಗ ದೊರೆಯ ವಿಚಾರ ಎರಡು ಮಾತಲ್ಲಿ ಮುಗಿಸುತ್ತಿದ್ದಳು. ಅವಳಿಗೆ ಮುಖ್ಯವಾಗಿದ್ದದ್ದು ನೀರಿನಡಿಯ ಪಟ್ಟಣ. ಅಮಾಸೆ ರಾತ್ರಿ ಏರಿ ಮೇಲೆ ಕಿವಿಯಿಟ್ಟರೆ ಬೀಸೋ ಕಲ್ಲಿನ ಸದ್ದು ಕೇಳಿಸ್ತದೆ ಅನ್ನೋಳು. "ಯಾರಜ್ಜಿ ಬೀಸೋದು?" ಅಂದರೆ, "ಮತ್ಯಾರು, ನಮ್ಮೋರೇ. ಊರು ಮುಳುಗಿದ್ರೂ ಕೂಲಿ ಮುಗೀಬೇಕಲ್ಲ ಮಗಾ" ಅನ್ನೋಳು. ಜಲಸಮಾಧಿಯಾದ ಪಟ್ಟಣದಲ್ಲಿ ದೇವಾಲಯದ ಗಂಟೆ ಕೇಳಿಸುತ್ತದೆ ಎನ್ನುವ ಕಥೆಗಳನ್ನು ನಾನು ಆಮೇಲೆ ಪುಸ್ತಕಗಳಲ್ಲಿ ಓದಿದೆ. ನಮ್ಮಜ್ಜಿಯ ಮುಳುಗಿದ ಪಟ್ಟಣದಲ್ಲಿ ಗಂಟೆಯಿಲ್ಲ. ಅವಳು ಜೀವಮಾನದಲ್ಲಿ ಗುಡಿಯ ಗಂಟೆಯನ್ನು ಮುಟ್ಟಿದವಳಲ್ಲ, ಬೀಸೋ ಕಲ್ಲನ್ನು ಬಿಟ್ಟವಳಲ್ಲ.

ಇನ್ನೊಂದು ಕಥೆಗೆ ಬರುತ್ತೇನೆ. ಇದನ್ನು ಯಾವ ಕೆರೆಯದು ಅಂದರೆ ಅಜ್ಜಿ ಒಮ್ಮೆ ಸೂಳೆಕೆರೆ ಅನ್ನೋಳು, ಒಮ್ಮೆ ನಮ್ಮೂರ ಕೆರೆ ಅನ್ನೋಳು. ಬಯಲುಸೀಮೆಯ ಹಲವು ಕೆರೆಗಳ ಮೇಲೆ ಈ ಕಥೆ ಇದೆ. ಜಡಿಮಳೆ. ಕೆರೆ ತುಂಬಿ ಕೋಡಿ ಬಿದ್ದಿದೆ. ನಡುರಾತ್ರಿ ನೀರಗಂಟಿ ಕಂಬಳಿ ಕೊಪ್ಪೆ ಹಾಕಿಕೊಂಡು ಏರಿ ಮೇಲೆ ಹೋಗುತ್ತಾನೆ. ತೂಬಿನ ಹತ್ತಿರ ಹಣೆ ತುಂಬ ಕುಂಕುಮ ಇಟ್ಟ ಹೆಂಗಸೊಬ್ಬಳು ನಿಂತಿದ್ದಾಳೆ, ಬಟ್ಟೆ ಒದ್ದೆಯಾಗಿಲ್ಲ. ಗಂಗಮ್ಮ. "ದಾರಿ ಬಿಡಪ್ಪಾ, ನಾನು ಹೊರಟೆ" ಅನ್ನುತ್ತಾಳೆ. ಅವಳು ಹೊರಟರೆ ಏರಿ ಒಡೆಯುತ್ತದೆ, ಕೆಳಗಿನ ಊರು ಹೋಗುತ್ತದೆ. ನೀರಗಂಟಿ ಕಾಲಿಗೆ ಬಿದ್ದು, "ತಾಯೀ, ಯಜಮಾನರಿಗೆ ಒಂದು ಮಾತು ಹೇಳಿ ಬರ್ತೀನಿ. ನಾನು ತಿರುಗಿ ಬರೋತನಕ ಇರು" ಅಂದ. ಅವಳು ಒಪ್ಪಿ ಮಾತು ಕೊಟ್ಟಳು. ಇವನು ಓಡಿಹೋಗಿ ಗೌಡರಿಗೆ ಹೇಳಿದ. ಗೌಡರು ಯೋಚನೆ ಮಾಡಿದರು: ಇವನು ತಿರುಗಿ ಹೋಗದಿದ್ದರೆ?

ಇಲ್ಲಿಗೆ ಕಥೆ ಎರಡಾಗುತ್ತದೆ. ಊರೊಳಗೆ ಹೇಳುವ ಕಥೆಯಲ್ಲಿ ನೀರಗಂಟಿಯೇ ಮುಂದೆ ಬಂದು, "ನನ್ನ ತಲೆ ತೆಗೀರಿ, ಊರು ಉಳೀಲಿ" ಅನ್ನುತ್ತಾನೆ. ತ್ಯಾಗಿ. ಗೌಡರು ಕಣ್ಣೀರು ಹಾಕುತ್ತಾ ಕತ್ತಿ ಎತ್ತುತ್ತಾರೆ. ಕೇರಿಯ ಕಥೆಯಲ್ಲಿ ಹಾಗಿಲ್ಲ. ಅಜ್ಜಿಯ ಮಾತಲ್ಲೇ ಹೇಳುತ್ತೇನೆ: "ಬಾರೋ, ಮಳೆಯಾಗೆ ನೆಂದಿದೀಯ, ಉಂಡು ಹೋಗು ಅಂದ್ರಂತೆ. ಅವತ್ತೇ ಮೊದಲ್ನೇ ಸಲ ಗೌಡ್ರ ಜಗಲಿ ಮ್ಯಾಲೆ ಕೂರ್ಸಿದ್ದು. ಎಲೆ ಹಾಕಿದ್ರಂತೆ. ಇವನಿಗೆ ಕಣ್ಣಾಗೆ ನೀರು ಬಂತಂತೆ, ಬುದ್ಧಿಯೋರು ಎಂಥಾ ದೊಡ್ಡೋರು ಅಂತ. ತುತ್ತು ಎತ್ತಾಕೆ ತಲೆ ಬಗ್ಗಿಸ್ದ. ಅಷ್ಟೇ." ಅಜ್ಜಿ ಇಲ್ಲಿ ಸುಮ್ಮನಾಗುತ್ತಿದ್ದಳು. ನಾವು ಹುಡುಗರು, "ಗಂಗಮ್ಮ ಏನಾದ್ಲು?" ಅಂತ ಕೇಳುತ್ತಿದ್ದೆವು. "ಕಾಯ್ತಾ ಐದಾಳೆ. ಅವಳು ಮಾತು ತಪ್ಪಾಳಾ?"

ಕನ್ನಡ ವಿಮರ್ಶೆ 'ಕೆರೆಗೆ ಹಾರ'ದ ಮೇಲೆ ಬರೆದದ್ದಕ್ಕೆ ಲೆಕ್ಕವಿಲ್ಲ. ಅಲ್ಲಿ ಬಲಿಯಾಗುವ ಭಾಗೀರಥಿ ಗೌಡರ ಮನೆಯ ಸೊಸೆ. ಅವಳಿಗೆ ಹೆಸರಿದೆ, ತವರಿದೆ, ಗೆಳತಿಯಿದ್ದಾಳೆ, ಹಿಂದೆಯೇ ಕೆರೆಗೆ ಹಾರುವ ಗಂಡನಿದ್ದಾನೆ, ಇವನ್ನೆಲ್ಲ ಹಿಡಿದಿಟ್ಟ ಹಾಡಿದೆ. ಅದು ಹೆಣ್ಣಿನ ದೊಡ್ಡ ದುರಂತ, ಅದರಲ್ಲಿ ಎರಡು ಮಾತಿಲ್ಲ. ನೀರಗಂಟಿಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಹಾಡಿಲ್ಲ, ಹೆಸರೂ ಇಲ್ಲ. ಹುದ್ದೆಯೇ ಹೆಸರು. ಆದರೆ ಅವನ ಕಥೆಯಲ್ಲಿ ಭಾಗೀರಥಿಯ ಕಥೆಯಲ್ಲಿಲ್ಲದ ಒಂದು ಸಂಗತಿಯಿದೆ. ಇಲ್ಲಿ ದೇವತೆ ಬಲಿ ಕೇಳುವುದಿಲ್ಲ. ಅವಳು ಕೇಳಿದ್ದು ದಾರಿ. ಒಬ್ಬ ಮುಟ್ಟಬಾರದವನ ಮಾತಿಗೆ ಕಟ್ಟುಬಿದ್ದು ನಿಂತಿದ್ದಾಳೆ. ಕೊಂದವರು ಮನುಷ್ಯರು, ಲೆಕ್ಕ ಹಾಕಿ ಕೊಂದವರು. ಈ ವ್ಯತ್ಯಾಸವನ್ನು ಕೇರಿಯ ಕಥೆ ಎಷ್ಟು ಚೊಕ್ಕವಾಗಿ ಹಿಡಿದಿದೆ ನೋಡಿ. ದೇವರನ್ನು ಬಯ್ಯುವ ಗೋಜಿಗೇ ಹೋಗದೆ ಯಜಮಾನಿಕೆಯನ್ನು ಹೆಸರಿಟ್ಟು ತೋರಿಸುತ್ತದೆ.

ಊರಿನ ಕಥೆಗೆ ತ್ಯಾಗ ಯಾಕೆ ಬೇಕು? ಕಾರಣ ಭೂಮಿಯಲ್ಲಿದೆ. ಕೆರೆ ಕಟ್ಟಿಸಿದವರಿಗೆ, ದುರಸ್ತಿ ಮಾಡಿಸಿದವರಿಗೆ ಕಟ್ಟುಕೊಡಗಿ ಎಂದು ಗದ್ದೆ ಬಿಡುತ್ತಿದ್ದರು. ಶಾಸನಗಳಲ್ಲಿ ಆ ಗದ್ದೆ ಹೆಚ್ಚಾಗಿ ಹೋದದ್ದು ಗಾವುಂಡರಿಗೆ, ಹೆಗ್ಗಡೆಗಳಿಗೆ, ಬ್ರಾಹ್ಮಣರಿಗೆ. ಮಣ್ಣು ಹೊತ್ತ ಒಡ್ಡರಿಗೆ, ಕಪಿಲೆಯ ಬಾನಿ ಹೊಲಿದ ಮಾದಿಗರಿಗೆ, ತೂಬು ಕಾಯ್ದ ಹೊಲೆಯರಿಗೆ ಸಿಕ್ಕದ್ದು ಆಯ. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಮೊರ ಒಡ್ಡುವ ಹಕ್ಕು, ಎಲ್ಲೋ ಒಂದಿಷ್ಟು ಚಾಕರಿ ಇನಾಂ ಹೊಲ. ನೀರಗಂಟಿ ಊರಿಗೆಲ್ಲ ನೀರು ಹಂಚುವವನು. ಯಾರ ಗದ್ದೆಗೆ ಎಷ್ಟು ಹೊತ್ತು ಎನ್ನುವುದು ಅವನ ಗುದ್ದಲಿಯ ತುದಿಯಲ್ಲಿ. ಮೇಲಿನವರ ಬಾವಿ ಮುಟ್ಟಬಾರದವನ ಕೈಯಲ್ಲಿ ಊರಿನ ಅಷ್ಟೂ ನೀರು! ಈ ವಿಪರ್ಯಾಸವನ್ನು ಸಮಾಜಶಾಸ್ತ್ರದವರು ಬೇರೆ ಬೇರೆ ರೀತಿ ವಿವರಿಸುತ್ತಾರೆ. ಅಷ್ಟು ಜವಾಬ್ದಾರಿ ಹೊತ್ತವನಿಗೆ ಊರು ಏನಾದರೂ ಬಾಕಿಯಿದೆ ಎಂದಾಗಬಾರದಲ್ಲ. ಅವನಾಗಿಯೇ ತಲೆ ಕೊಟ್ಟ ಅಂದುಬಿಟ್ಟರೆ ಬಾಕಿ ತೀರಿತು. ಕೊಂದದ್ದು ಅಂತಾದರೆ ಸಾಲ ಉಳಿಯುತ್ತದೆ.

ಸಾಲ ಉಳಿದೇ ಇದೆ. 1961ರ ಗ್ರಾಮಾಧಿಕಾರಗಳ ರದ್ದತಿ ಕಾನೂನು 1963ರಲ್ಲಿ ಜಾರಿಗೆ ಬಂದು, ಪಟೇಲ ಶಾನುಭೋಗರ ಜೊತೆಗೆ ತೋಟಿ, ತಳವಾರ, ನೀರಗಂಟಿಗಳ ವಂಶಪಾರಂಪರ್ಯ ಚಾಕರಿಯೂ ಹೋಯಿತು. ಚಾಕರಿ ಇನಾಂ ಜಮೀನನ್ನು ಅನುಭವದಲ್ಲಿದ್ದವರಿಗೇ ಮರುಮಂಜೂರು ಮಾಡಿಕೊಡುವ ಅವಕಾಶ ಕಾನೂನಿನಲ್ಲಿತ್ತು. ಆದರೆ ಅರ್ಜಿ ಕೊಡಬೇಕು, ಹಣ ಕಟ್ಟಬೇಕು, ಕಾಗದ ಇರಬೇಕು. ಪಟೇಲರ ಮನೆಯಲ್ಲಿ ಕಾಗದವಿತ್ತು, ಕೇರಿಯಲ್ಲಿ ಕಥೆಯಿತ್ತು. ಇನ್ನೂರು ಮುನ್ನೂರು ರೂಪಾಯಿಗೆ ಹೆಬ್ಬೆಟ್ಟು ಒತ್ತಿಸಿಕೊಂಡ ಹೊಲಗಳು ಎಷ್ಟೋ. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ ಕಾನೂನು ಬಂದದ್ದು 1978ರಲ್ಲಿ. ನಮ್ಮ ಮನೆಯ ನೀರಗಂಟಿ ಹೊಲವೂ ಹಾಗೆ ಹೋದದ್ದೇ. ಈಗ ಅದು ಅಡಿಕೆ ತೋಟ. ಕೊಂಡವರ ಹೆಸರು ಇಲ್ಲಿ ಬೇಡ, ಅವರ ಮಕ್ಕಳು ನನ್ನ ಜೊತೆ ಓದಿದವರು.

ನೀರಗಂಟ್ಯ ಕಥೆಯ ಪಕ್ಕದಲ್ಲಿ ಓಬವ್ವನ ಕಥೆಯನ್ನಿಟ್ಟು ನೋಡಬೇಕು. ಚಿತ್ರದುರ್ಗದ ಕೋಟೆಯ ಕಾವಲಿನ ಕಹಳೆ ಮುದ್ದಹನುಮನ ಹೆಂಡತಿ. ಗಂಡ ಉಣ್ಣಲು ಕೂತ ಹೊತ್ತಿನಲ್ಲಿ, ಹೈದರಾಲಿಯ ಸಿಪಾಯಿಗಳು ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳುವಾಗ, ಒನಕೆಯಲ್ಲಿ ಜಜ್ಜಿ ಹಾಕಿದವಳು. 1972ರ 'ನಾಗರಹಾವು' ಸಿನಿಮಾ ಅವಳನ್ನು ಮನೆಮನೆಗೆ ತಲುಪಿಸಿತು. ಅವಳು ಛಲವಾದಿ ಹೆಣ್ಣುಮಗಳು ಎನ್ನುವ ಮಾತು ಮಾತ್ರ ಬಹಳ ಕಾಲ ಪಿಸುಮಾತಾಗಿಯೇ ಇತ್ತು. ನಾನು ಶಾಲೆಯಲ್ಲಿ ಓದಿದ ಪಾಠದಲ್ಲಿ ಅವಳು ಬರೀ ವೀರವನಿತೆ. ಸರ್ಕಾರ ಅವಳ ಜಯಂತಿ ಆಚರಿಸತೊಡಗಿದ್ದು 2021ರ ನವೆಂಬರ್ 11ರಿಂದ. ಒಳ್ಳೆಯದು. ಆದರೆ ಕೊನೆಯನ್ನು ಗಮನಿಸಿ. ಹೆಣಗಳ ರಾಶಿ ನೋಡಿ ಎದೆಯೊಡೆದು ಸತ್ತಳು ಅನ್ನುತ್ತಾರೆ, ಶತ್ರುವಿನ ಕತ್ತಿಗೆ ಸತ್ತಳು ಅನ್ನುತ್ತಾರೆ. ಅವಳು ಬದುಕಿ ಉಳಿದು, ಮಾರನೆಯ ದಿನ ದೊರೆಯ ಮುಂದೆ ನಿಂತು ಕೇಳುವ ಕಥೆಯನ್ನು ಯಾರೂ ಹೇಳುವುದಿಲ್ಲ. ಕೇರಿಯ ವೀರರು ಕಥೆ ಮುಗಿಯುವ ಹೊತ್ತಿಗೆ ಸತ್ತಿರಬೇಕು. ಬದುಕಿದ್ದರೆ ಜಹಗೀರು ಕೊಡಬೇಕಾಗುತ್ತದೆ. ಆಯುಧವನ್ನೂ ನೋಡಿ. ಕೋಟೆ ಕಾಯುವವನ ಮನೆಯಲ್ಲಿ ಹೆಂಡತಿಯ ಕೈಗೆ ಸಿಕ್ಕದ್ದು ಒನಕೆ.

ಮಾರಮ್ಮನ ಕಥೆ ಇನ್ನೂ ಘೋರ. ಜಾತಿ ಮರೆಸಿ ಬ್ರಾಹ್ಮಣರ ಹುಡುಗಿಯನ್ನು ಮದುವೆಯಾದ ಹೊಲೆಯ, ಸತ್ಯ ತಿಳಿದು ಮಾರಿಯಾದ ಹುಡುಗಿ, ಕೋಣನಾಗಿ ಹುಟ್ಟಿ ವರ್ಷವರ್ಷವೂ ಕಡಿಸಿಕೊಳ್ಳುವ ಗಂಡ. ಇದರ ಬಗ್ಗೆ ದಲಿತ ಲೇಖಕರು ಸಾಕಷ್ಟು ಬರೆದಿದ್ದಾರೆ, ಮತ್ತೆ ಹೇಳಬೇಕಾಗಿಲ್ಲ. ನಮ್ಮ ಕಡೆ ಜಾತ್ರೆಯಲ್ಲಿ ಈ ಕಥೆ ಹಾಡುವ ಆಸಾದಿ ಮಾದಿಗರವನು. ಅವತ್ತೊಂದು ದಿನ ಅವನು ಗೌಡರನ್ನೂ ಶಾನುಭೋಗರನ್ನೂ ಬಾಯಿಗೆ ಬಂದಂತೆ ಬೈಯುತ್ತಾನೆ, ಅವರು ನಗುತ್ತಾ ಕೇಳಿಸಿಕೊಳ್ಳಬೇಕು ಎನ್ನುವುದನ್ನಷ್ಟೇ ಸೇರಿಸುತ್ತೇನೆ. ಮಾರನೆಯ ದಿನ ಯಾರು ನಗುತ್ತಾರೆ ಎನ್ನುವುದು ಬೇರೆ ಮಾತು.

ಇನ್ನು ಸಾಹಸದ ಕಥೆಗಳು. ನನ್ನ ತಲೆಮಾರಿನ ಹುಡುಗರು ಕಾಡಿನ ರೋಮಾಂಚನ ಕಲಿತದ್ದು ಕೆನೆತ್ ಆಂಡರ್ಸನ್ನನಿಂದ, ಅದೂ ತೇಜಸ್ವಿಯವರು ಕನ್ನಡಕ್ಕೆ ತಂದ 'ಕಾಡಿನ ಕಥೆಗಳು' ಮೂಲಕ. 1954ರಲ್ಲಿ ಬಂದ ಆಂಡರ್ಸನ್ನನ ಮೊದಲ ಪುಸ್ತಕದಲ್ಲೇ ಹೊಸದುರ್ಗ-ಹೊಳಲ್ಕೆರೆಯ ನರಭಕ್ಷಕನ ಕಥೆಯಿದೆ. ಹೊಳಲ್ಕೆರೆ ಸಂತೇಬೆನ್ನೂರಿನ ನೆರೆ. ನಮ್ಮ ಪಕ್ಕದ ಊರುಗಳು ಇಂಗ್ಲಿಷ್ ಪುಸ್ತಕದಲ್ಲಿ! ಕಾಲೇಜಿನಲ್ಲಿ ಅದನ್ನು ತಿಳಿದಾಗ ಆದ ಸಂತೋಷ ಸಣ್ಣದಲ್ಲ. ಆಂಡರ್ಸನ್ ಉಳಿದ ಶಿಕಾರಿ ಸಾಹೇಬರಿಗಿಂತ ದೊಡ್ಡ ಮನಸ್ಸಿನವನು. ಬೈರ ಎಂಬ ಪೂಜಾರಿ ಬುಡಕಟ್ಟಿನವನ ಹೆಸರಲ್ಲೇ ಒಂದು ಅಧ್ಯಾಯ ಬರೆದ, ಅವನಿಂದ ಕಾಡು ಕಲಿತೆ ಅಂದ. ಶಿಕಾರಿ ಸಾಹಿತ್ಯದಲ್ಲಿ ಇದು ಅಪರೂಪ. ಆದರೂ 'ನಾನು' ಅನ್ನುವವನು ಒಬ್ಬನೇ. ಮರದ ಮೇಲೆ ಮಚಾನು ಕಟ್ಟಿ ಇಳಿದು ಹೋದವನು, ಕತ್ತಲಾಗುವ ಹೊತ್ತಿಗೆ ಕೋಣದ ಕರುವನ್ನು ಗೂಟಕ್ಕೆ ಕಟ್ಟಿ ಬಂದವನು, ತಮಟೆ ಬಡಿಯುತ್ತಾ ಪೊದೆಗೆ ನುಗ್ಗಿ ಹುಲಿ ಎಬ್ಬಿಸುವವನು, ಇವರ್ಯಾರಿಗೂ ಕೈಯಲ್ಲಿ ಕೋವಿಯಿಲ್ಲ, ಬಾಯಲ್ಲಿ 'ನಾನು' ಇಲ್ಲ. ಹುಲಿ ತಿಂದವರ ಪಟ್ಟಿ ನೋಡಿ. ಸೌದೆಗೆ ಹೋದವಳು, ದನ ಕಾಯುವ ಹುಡುಗ. ಕಾಡಿನಂಚಿಗೆ ಹೋಗಲೇಬೇಕಾದವರು. ಹುಲಿಗೆ ಜಾತಿಯಿಲ್ಲ, ನಿಜ. ಅದರ ಬಾಯಿಗೆ ಸಿಗುವ ದಾರಿಗಿದೆ.

ಅಂಥ ಒಬ್ಬ 'ನಾನು' ನನಗೆ ಗೊತ್ತಿದ್ದ. ನಮ್ಮ ತಾತ. ಊರಿನ ಚಾಕರಿಯಲ್ಲಿ ಅವನ ಪಾಲಿಗೆ ಬಂದದ್ದು ಸಾವಿನ ಸುದ್ದಿ ಒಯ್ಯುವುದು. ಊರೊಳಗೆ ದೊಡ್ಡವರ ಮನೆಯಲ್ಲಿ ಯಾರಾದರೂ ಸತ್ತರೆ, ನೆಂಟರ ಊರುಗಳಿಗೆ ಆ ರಾತ್ರಿಯೇ ಕಾಲ್ನಡಿಗೆಯಲ್ಲಿ ಹೋಗಿ ಹೇಳಬೇಕು. ಒಮ್ಮೆ ಎಂಟು ಮೈಲಿ ದೂರದ ಊರಿಗೆ ಹೊರಟ. ಭೀಮನ ಅಮಾಸೆ ಹತ್ತಿರ, ಸೋನೆ ಮಳೆ. ಹಳ್ಳ ದಾಟುವಾಗ ಆಚೆ ದಂಡೆಯಲ್ಲಿ ಬೆಂಕಿ. ಇವನು ನಿಂತರೆ ನಿಲ್ಲುತ್ತದೆ, ನಡೆದರೆ ನಡೆಯುತ್ತದೆ. ಕೊಳ್ಳಿದೆವ್ವ. ತಾತ ಕೈಕೋಲನ್ನು ಕಲ್ಲಿಗೆ ಬಡಿಯುತ್ತಾ, ಮನೆದೇವರನ್ನು ಕೂಗುತ್ತಾ ನಡೆದ. ಬೆಂಕಿ ಊರಂಚಿನ ತನಕ ಜೊತೆಗೆ ಬಂತು. ಬೆಳಗಿನ ಜಾವ ನೆಂಟರ ಮನೆಯ ಮುಂದೆ ದೂರದಲ್ಲಿ ನಿಂತು, "ಬುದ್ಧೀ..." ಅಂತ ಕೂಗಿ ಸುದ್ದಿ ಹೇಳಿದ. ಒಳಗೆ ಅಳು ಎದ್ದಿತು. ಇವನಿಗೆ ಯಾರೋ ಬೊಗಸೆಗೆ ನೀರು ಹೊಯ್ದರು, ತಂಗಳು ರೊಟ್ಟಿ ಎಸೆದರು. ತಿರುಗಿ ಎಂಟು ಮೈಲಿ ಬಂದು ಹೆಣದ ಕೆಲಸಕ್ಕೆ ನಿಂತ.

"ದೆವ್ವಕ್ಕೆ ಹೆದರಿಕೆ ಆಗ್ಲಿಲ್ವಾ ತಾತ?" ಎಂದು ಕೇಳಿದ್ದೆ. "ಆಯ್ತು. ಆದ್ರೆ ದೆವ್ವ ಏನ್ಮಾಡ್ತೈತೆ ಅಂತ ಯಾರಿಗ್ ಗೊತ್ತು? ಸುದ್ದಿ ತಡ ಆದ್ರೆ ಗೌಡ್ರು ಏನ್ಮಾಡ್ತಾರೆ ಅಂತ ಗೊತ್ತಿತ್ತಲ್ಲ."

ಈ ಮಾತಿನ ಮೇಲೆ ನಾನು ಬಹಳ ವರ್ಷ ಯೋಚಿಸಿದ್ದೇನೆ. ದೆವ್ವದ ಕಥೆಗಳು ಕೇರಿಯಲ್ಲೇ ಯಾಕೆ ಹೆಚ್ಚು? ಓದಿಲ್ಲ ಬರೆದಿಲ್ಲ, ಮೂಢನಂಬಿಕೆ ಎಂದು ಓದಿದವರು ಹೇಳುತ್ತಾರೆ. ನನಗೆ ಕಾಣುವ ಕಾರಣ ಸರಳ. ರಾತ್ರಿ ಹೊತ್ತು ಊರ ಹೊರಗೆ ಇದ್ದವರು ಯಾರು? ಕಣ ಕಾಯುವವನು, ಹೊಲಕ್ಕೆ ನೀರು ಕಟ್ಟುವವನು, ಸತ್ತ ದನ ಎಳೆಯುವವನು, ಸುಡುಗಾಡಿನಲ್ಲಿ ಗುಂಡಿ ತೋಡುವವನು, ಸಾವಿನ ಸುದ್ದಿ ಒಯ್ಯುವವನು. ಬಾಗಿಲು ಹಾಕಿ ಮಲಗಿದವರಿಗೆ ದೆವ್ವ ಕಾಣುವುದು ಹೇಗೆ? ನಮ್ಮೂರ ದೆವ್ವಗಳು ಇರುವ ಜಾಗಗಳನ್ನು ಒಂದು ಕಾಗದದ ಮೇಲೆ ಗುರುತು ಮಾಡಿ ನೋಡಿದೆ. ತೂಬು, ಹಳ್ಳದ ದಾಟು, ಕಣದ ಹುಣಸೆಮರ, ಗದ್ದೆಬದುವಿನ ಚೌಡಿಕಲ್ಲು, ಸುಡುಗಾಡಿನ ದಾರಿ. ಅದು ಬಿಟ್ಟಿ ಚಾಕರಿಯ ನಕ್ಷೆಯೇ. ಯಾವ ಸರ್ವೆ ಇಲಾಖೆಯೂ ಅದನ್ನು ಇಷ್ಟು ಸರಿಯಾಗಿ ಬರೆಯಲಾರದು.

ಹಳ್ಳದ ಆ ಕೊಳ್ಳಿದೆವ್ವ ಯಾರು ಎಂದೂ ಕೇಳಿದ್ದೆ. ತಾತನಿಗಿಂತ ಹಿಂದಿನ ಕಾಲದ ಒಬ್ಬ ಜೀತದ ಹುಡುಗ. ಸಂಜೆ ಎತ್ತು ಮನೆಗೆ ಬರಲಿಲ್ಲವೆಂದು ಯಜಮಾನ ಕೈಗೊಂದು ಕೊಳ್ಳಿ ಕೊಟ್ಟು ಹುಡುಕಲು ಅಟ್ಟಿದ. ಹಳ್ಳ ಬಂದಿತ್ತು. ನಡುರಾತ್ರಿ ಎತ್ತು ತಾನಾಗಿಯೇ ಕೊಟ್ಟಿಗೆಗೆ ಬಂತು. ಹುಡುಗ ಬರಲಿಲ್ಲ. ಎತ್ತು ಸಿಕ್ಕಿತು ಎಂದು ಅವನಿಗೆ ಹೇಳುವವರು ಯಾರೂ ಇಲ್ಲ, ಅದಕ್ಕೇ ಇನ್ನೂ ಹುಡುಕುತ್ತಾ ಇದ್ದಾನೆ. ಹುಡುಗನ ಹೆಸರು ತಾತನಿಗೆ ತಿಳಿದಿರಲಿಲ್ಲ. ಎತ್ತಿನ ಹೆಸರು ತಿಳಿದಿತ್ತು: ಮೈಲಾರಿ.

ಜೀತ ರದ್ದಾದದ್ದು 1975ರ ಸುಗ್ರೀವಾಜ್ಞೆಯಿಂದ, 1976ರ ಕಾನೂನಿನಿಂದ. ಅದಕ್ಕೆ ಮುಂಚಿನ ಸಾವುಗಳನ್ನು ಯಾವ ಠಾಣೆಯ ಪುಸ್ತಕದಲ್ಲಿ ಹುಡುಕೋಣ? ಊರಿನಲ್ಲಿ ಒಂದು ಸಾವು ಸಾವೆಂದು ದಾಖಲಾಗದಿದ್ದರೆ ಅದು ದೆವ್ವವಾಗಿ ದಾಖಲಾಗುತ್ತದೆ. ಇಂಥ ಕಥೆಗಳನ್ನು ನಾನು ದಾಖಲೆ ಎಂದು ಕರೆಯುವುದು ಈ ಅರ್ಥದಲ್ಲಿ.

ನಮ್ಮ ಚಳವಳಿ ಈ ಕಥೆಗಳ ಜೊತೆ ಹೇಗೆ ನಡೆದುಕೊಂಡಿತು ಎನ್ನುವುದನ್ನೂ ಹೇಳಬೇಕು. 1973ರ ಬೂಸಾ ಪ್ರಕರಣದ ಬಿಸಿಯಲ್ಲಿ, ಹರಿಹರದಲ್ಲಿ ಹುಟ್ಟಿ ಭದ್ರಾವತಿಯಲ್ಲಿ ಪಾಠ ಹೇಳುತ್ತಿದ್ದ ಬಿ. ಕೃಷ್ಣಪ್ಪನವರಂಥವರು ದಲಿತ ಸಂಘರ್ಷ ಸಮಿತಿ ಕಟ್ಟಿದಾಗ, ದೇವರು ದೆವ್ವ ಬಿಡಿ, ಪುಸ್ತಕ ಹಿಡಿಯಿರಿ ಎನ್ನುವ ಮಾತು ಜೀವ ಉಳಿಸುವ ಮಾತಾಗಿತ್ತು. ಮಾರಿಗೆ ಕೋಣ ಕಡಿಯುವ ಕೈಗೆ ಸಾಲದ ಪತ್ರ ಅಂಟಿಕೊಂಡಿತ್ತು. ಮಾಟ ಮಾಡಿದಳೆಂದು ಹೊಡೆಸಿಕೊಂಡವಳು ನಮ್ಮ ಹೆಂಗಸೇ. ಆ ಖಂಡನೆ ಇವತ್ತಿಗೂ ಬೇಕು. ಆಮೇಲೆ ಬಂದ ದೇಸಿವಾದಿಗಳು ತಿರುವುಮುರುವು ಮಾಡಿದರು: ಕೇರಿಯ ದೆವ್ವ ದೇವರೆಲ್ಲ ಪರ್ಯಾಯ ಸಂಸ್ಕೃತಿ, ಎಂಥ ಸೊಗಸು ಅಂದರು. ಕಥೆಯ ಸೊಗಸು ಹಿಡಿದು ಚಾಕರಿಯನ್ನು ಮರೆತರು. ಕಾರ್ಯಕರ್ತ ಗೆಳೆಯರು ಕಥೆಯನ್ನು ಬಿಸಾಕಿದರೆ, ಇವರು ಅದನ್ನು ತೊಳೆದು ಷೋಕೇಸಿನಲ್ಲಿಟ್ಟರು. ಎರಡೂ ಕಡೆ ಹಳ್ಳದ ಹುಡುಗ ಕೈತಪ್ಪಿದ.

ದಾರಿ ತೋರಿಸಿದ್ದು ಸೃಷ್ಟಿಶೀಲರು. ದೇವನೂರ ಮಹಾದೇವರ 'ಕುಸುಮಬಾಲೆ' 1984ರಲ್ಲಿ ಬಂತು. ಅದರಲ್ಲಿ ರಾತ್ರಿ ದೀಪಗಳ ಜೋತಮ್ಮಗಳು ಒಂದೆಡೆ ಸೇರಿ ತಾವು ತಾವಿರುವ ಮನೆಯ ಸಂಗತಿಗಳನ್ನು ಮಾತಾಡಿಕೊಳ್ಳುತ್ತಾರೆ. ಮುಚ್ಚಿಹೋದ ಕೊಲೆಯೊಂದರ ಸುತ್ತ ಹೆಣೆದ ಕಥೆಗೆ ಸಾಕ್ಷಿ ಹೇಳಲು ದೀಪದ ದೆವ್ವಗಳೇ ಬರಬೇಕಾಯಿತು. ವಿಮರ್ಶಕರು ಇದನ್ನು ಮಾಂತ್ರಿಕ ವಾಸ್ತವ ಎಂದು ಕರೆದು ದಕ್ಷಿಣ ಅಮೆರಿಕಕ್ಕೆ ಟಿಕೆಟು ತೆಗೆದರು. ನಮ್ಮಜ್ಜಿಯ ಹಟ್ಟಿಗೆ ಬಂದಿದ್ದರೆ ಬಸ್ ಚಾರ್ಜಿನಲ್ಲಿ ಮುಗಿಯುತ್ತಿತ್ತು. ಸಿದ್ಧಲಿಂಗಯ್ಯನವರು ಗ್ರಾಮದೇವತೆಗಳ ಬಗ್ಗೆ ಬರೆಯುವಾಗ, 'ಊರು ಕೇರಿ'ಯಲ್ಲಿ ತಮ್ಮ ಬಾಲ್ಯ ಹೇಳುವಾಗ, ಭಯವನ್ನು ನಗೆಯ ಮೂಲಕ ಹಿಡಿದರು. ಇವರ ಬೆನ್ನಿಗೆ ವಿಮರ್ಶೆ ಮಾಡಬೇಕಾದ ಕೆಲಸ ಹಾಗೆಯೇ ಬಿದ್ದಿದೆ.

ಕೆಲಸ ಅಂದರೆ ಮೊದಲು ಕೇಳಿ ಬರೆದುಕೊಳ್ಳುವುದು. ಜಾನಪದ ಸಂಗ್ರಹದ ರೀತಿಯಲ್ಲಿ "ವಕ್ತೃ: ಸುಮಾರು 70 ವರ್ಷ, ಅನಕ್ಷರಸ್ಥೆ" ಎಂದು ಬರೆದರೆ ಸಾಲದು. ಅವಳು ಯಾರ ಹೊಲದಲ್ಲಿ ದುಡಿದಳು, ದೆವ್ವ ಕಂಡ ರಾತ್ರಿ ಅಲ್ಲಿಗೆ ಯಾಕೆ ಹೋಗಿದ್ದಳು, ಕಳಿಸಿದವರು ಯಾರು, ಆ ಹೊಲದ ಪಹಣಿ ಈಗ ಯಾರ ಹೆಸರಲ್ಲಿದೆ, ಇವನ್ನೂ ಬರೆಯಬೇಕು. ಅದೇ ಕಥೆಯನ್ನು ಊರೊಳಗೂ ಕೇಳಿ ಪಕ್ಕಪಕ್ಕದಲ್ಲಿ ಇಡಬೇಕು. ಎಲ್ಲಿ ಕಥೆ ಎರಡಾಗುತ್ತದೋ, ಯಾರ ಬಾಯಲ್ಲಿ ಕೊಲೆ ತ್ಯಾಗವಾಗುತ್ತದೋ, ಅಲ್ಲಿ ನಿಂತು ಅಗೆಯಬೇಕು. ವಿದ್ಯಾರ್ಥಿ ಗೆಳೆಯರು ಸಂಶೋಧನೆಗೆ ವಿಷಯ ಸಿಗುತ್ತಿಲ್ಲ ಅಂತ ಕೊರಗುವುದನ್ನು ಕೇಳಿದ್ದೇನೆ. ಅವರವರ ಊರಿನ ತೂಬಿನ ಹತ್ತಿರ ಒಂದು ರಾತ್ರಿ ಕೂತು ಬರಲಿ.

ತೂಬಿನ ಕೆಲಸವೂ ಈಗ ಬದಲಾಗಿದೆ. 1960ರ ದಶಕದಲ್ಲಿ ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯಿಂದ ನಾಲೆ ಬಂದ ಮೇಲೆ ನಮ್ಮ ಸೀಮೆ ಭತ್ತದ ಸೀಮೆಯಾಯಿತು, ಆಮೇಲೆ ಅಡಿಕೆಯದಾಯಿತು. ನೀರಗಂಟಿ ಹೋಗಿ ನಾಲೆಗೆ ಸೌಡಿ ಬಂದ. ನಮ್ಮ ಚಿಕ್ಕಪ್ಪನ ಮಗ ಅಂಥ ಒಬ್ಬ ಸೌಡಿ, ದಿನಗೂಲಿ, ಕಾಯಂ ಇಲ್ಲ. ನೀರು ಬಿಟ್ಟ ದಿನಗಳಲ್ಲಿ ರಾತ್ರಿಯೆಲ್ಲ ನಾಲೆ ಏರಿ ಮೇಲೆ ಟಾರ್ಚು ಹಿಡಿದು ಓಡಾಡುತ್ತಾನೆ. ಕೊನೆಯ ಗದ್ದೆಗೆ ನೀರು ಮುಟ್ಟದಂತೆ ಮೇಲಿನವರು ತೂಬಿಗೆ ಕಲ್ಲು ಕೊಟ್ಟಿರುತ್ತಾರೆ, ಅದನ್ನು ಕಿತ್ತು ಬರಬೇಕು. ತಾತ ದಾಟಿದ ಹಳ್ಳದ ಮೇಲೆ ಈಗ ಸೇತುವೆ. ಅವನ ಬೆಳಕು ಕಂಡು ಬೈಕಿನವರು ಗಾಬರಿಯಾಗಿ ಗಾಡಿ ತಿರುಗಿಸಿಕೊಂಡು ಹೋದದ್ದುಂಟಂತೆ. ಕೂಗಿ ಹೇಳಬಾರದೇನೋ ಅಂದೆ.

"ಓಡ್ಲಿ ಬಿಡಣ್ಣ. ಬೆಳಿಗ್ಗೆ ನೀರು ಬಂದಿಲ್ಲ ಅಂತ ಬೈಯ್ಯಾಕೆ ಅವರೇ ಬರ್ತಾರೆ. ಆಗ ನನ್ನ ಗುರುತು ಸಿಕ್ತೈತೆ ಅವರಿಗೆ."